ಏಳನೇ ನಂಬರಿನ ನೇಕಾರ

ರಾಟರ್‌ಡ್ಯಾಮ್
6 ಅಕ್ಟೋಬರ್ 2024

ಪ್ರೀತಿಯ ಅಪ್ಪಾಜಿ,

ಹೋದ ಭಾನುವಾರ ವಿಡಿಯೋ ಕಾಲಿನಲ್ಲಿ ನನ್ನ ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಆಗಿ ನೀವು ಸಿಟ್ಟಿನಿಂದ ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋದಿರಲ್ಲ, ಆಗಲೇ ತೀರ್ಮಾನಿಸಿದೆ. ಇಪ್ಪತ್ತು ವರ್ಷದ ಮಗ್ಗದ ಸದ್ದು ನಿಮ್ಮ ಕಿವಿ ತಿಂದಿದೆ. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುವ ನಿಮಗೆ ತಡವರಿಸುವ ಇಂಟರ್ನೆಟ್ಟು ಸರಿಹೋಗುವುದಿಲ್ಲ. ಇನ್ನು ಮೇಲೆ ಮುಖ್ಯವಾದದ್ದೆಲ್ಲ ಕಾಗದದಲ್ಲೇ. ನಮ್ಮ ಬೀದಿಯ ಕಿತ್ತಳೆ ಬಣ್ಣದ ಅಂಚೆಪೆಟ್ಟಿಗೆಗೂ ಸ್ವಲ್ಪ ಕೆಲಸ ಸಿಗಲಿ.

ಈಗ ಮುಖ್ಯವಾದದ್ದು. ಆಮ್‌ಸ್ಟರ್‌ಡ್ಯಾಮಿನ ಹಳೆಯ ದಾಖಲೆಗಳ ದಫ್ತರಖಾನೆಯಲ್ಲಿ ನನಗೊಂದು ಪೆಟ್ಟಿಗೆ ಸಿಕ್ಕಿದೆ. ಹೆಂಡ್ರಿಕ್ ಎಂಬ ಡಚ್ ನೇಕಾರ ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕಕ್ಕೆ ಹೋಗಿ, ಮ್ಯಾಸಚೂಸೆಟ್ಸಿನ ಒಂದು ಹತ್ತಿ ಮಿಲ್ಲಿನಲ್ಲಿ ನೇಯ್ದು, ಅಲ್ಲಿ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿ, ಕೊನೆಗೆ ಸೋತು ಊರಿಗೆ ಮರಳಿದ. ಪೆಟ್ಟಿಗೆ ಅವನದು. ಅದರಲ್ಲಿ ಅರವತ್ತೊಂದು ವರದಿಗಳಿವೆ. ಮಿಲ್ಲಿನವರು ಪತ್ತೇದಾರಿ ಕಂಪನಿಯ ಮೂಲಕ ಕೆಲಸಗಾರರ ನಡುವೆಯೇ ಒಬ್ಬ ಗೂಢಚಾರನನ್ನು ಇಟ್ಟಿದ್ದರು. ಆಗ ಅಲ್ಲಿ ಅದು ಮಾಮೂಲಂತೆ. ವರದಿಗಳಲ್ಲಿ ಅವನಿಗೆ ಹೆಸರಿಲ್ಲ, ಬರೀ "ಏಳನೇ ನಂಬರ್". ಯಾವ ಮಗ್ಗದವನು ಯಾರಿಗೆ ಏನು ಹೇಳಿದ, ಮುಷ್ಕರ ಯಾವತ್ತು, ಎಲ್ಲ ಬರೆದಿದ್ದಾನೆ. ಮುಷ್ಕರದ ಹಿಂದಿನ ದಿನವೇ ಇಪ್ಪತ್ಮೂರು ಜನರ ಕೆಲಸ ಹೋಯಿತು. ಆಮೇಲೆ ಮಿಲ್ಲಿನ ಗುಮಾಸ್ತೆಯೊಬ್ಬಳು ಈ ಕಟ್ಟನ್ನು ಕದ್ದು ಹೆಂಡ್ರಿಕ್‌ಗೆ ಕೊಟ್ಟಳಂತೆ.

ಏಳನೇ ನಂಬರ್ ಯಾರು? ಇದೇ ನನ್ನ ಪ್ರಬಂಧದ ಮೂರನೇ ಅಧ್ಯಾಯ, ಏಪ್ರಿಲ್ ಕೊನೆಗೆ ಕೊಡಬೇಕು. ಹೊರಗಿನಿಂದ ಬಂದ ಪತ್ತೇದಾರ ಇರಬೇಕೆಂದು ನನ್ನ ಗೈಡ್ ಹೇಳುತ್ತಾರೆ. ನನ್ನ ತಲೆ ತಿನ್ನುವ ಪ್ರಶ್ನೆ ಬೇರೆ. ಆರುನೂರು ಮಗ್ಗ ಹೊಡೆದುಕೊಳ್ಳುವ ಶೆಡ್ಡಿನಲ್ಲಿ ಅವನಿಗೆ ಇಷ್ಟೆಲ್ಲ ಕೇಳಿಸಿದ್ದಾದರೂ ಹೇಗೆ? ನೀವೂ ಶ್ರೀಪಾದ ಕಾಕಾನೂ ಅಕ್ಕಪಕ್ಕದ ಮಗ್ಗದವರು. ಇಬ್ಬರೂ ಮಂಡಕ್ಕಿ ಮಿರ್ಚಿ ಇಟ್ಟುಕೊಂಡು ಕೂತು ಯೋಚಿಸಿ ಬರೆಯಿರಿ.

ನಿಮ್ಮ ತಲೆತಿನ್ನುವ ಮಗಳು,
ನಿಹಾರಿಕಾ

ದಾವಣಗೆರೆ
28 ಅಕ್ಟೋಬರ್ 2024

ಚಿ. ನಿಹಾರಿಕಾಳಿಗೆ,

ನಿನ್ನ ಗೈಡು ಒಂದು ದಿನವೂ ಮಗ್ಗದ ಮುಂದೆ ನಿಂತಿಲ್ಲ. ನಿಂತಿದ್ದರೆ ಈ ಮಾತು ಆಡುತ್ತಿರಲಿಲ್ಲ.

ಮಗ್ಗದ ಶೆಡ್ಡಿನಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ಪಕ್ಕದವನ ಕಿವಿಯಲ್ಲಿ ಬಾಯಿಟ್ಟು ಕೂಗಿದರೂ ಇಲ್ಲ. ನೂಲಿಗೆ ತೇವ ಬೇಕೆಂದು ಕಿಟಕಿಗಳನ್ನೂ ಮುಚ್ಚಿರುತ್ತಾರೆ, ಸದ್ದು ಹೊರಗೆ ಹೋಗುವ ದಾರಿಯೇ ಇಲ್ಲ. ಅದಕ್ಕೇ ನಾವು ದನಿ ತೆಗೆಯದೆ ತುಟಿಯಲ್ಲೇ ಮಾತಾಡುತ್ತಿದ್ದೆವು. ಮೂವತ್ತು ಮಾರು ದೂರದಿಂದ ಸೊಸೆಯ ದೂರು, ಎಮ್ಮೆಯ ಕಥೆ, ಸಿನಿಮಾದ ಕಥೆ ಎಲ್ಲ ನಡೆಯುತ್ತಿತ್ತು. ಅಂಗಿಯ ಕಾಲರ್ ಮುಟ್ಟಿಕೊಂಡರೆ ವೀವಿಂಗ್ ಮಾಸ್ತರು ಬಂದರು ಎಂದರ್ಥ. ಶೆಡ್ಡಿನ ತುದಿಯಲ್ಲಿ ಮಾಸ್ತರರ ಗಾಜಿನ ಕ್ಯಾಬಿನ್ ಇತ್ತು. ಬಾಗಿಲು ಹಾಕಿದರೆ ಅಲ್ಲಿ ಮಾತ್ರ ಮಾತು ಕೇಳುತ್ತಿತ್ತು. ಅವರು ಅಲ್ಲಿ ಕೂತು ನಮ್ಮನ್ನೆಲ್ಲ ನೋಡುವರು, ಒಂದಕ್ಷರ ತಿಳಿಯದು.

ಈ ವಿದ್ಯೆ ಮೂರು ನಾಲ್ಕು ವರ್ಷ ಮಗ್ಗ ಓಡಿಸದೆ ಬರುವುದಿಲ್ಲ. ಹಾಗಾಗಿ ನಿನ್ನ ಏಳನೇ ನಂಬರ್ ಪತ್ತೇದಾರನಲ್ಲ, ಅಪ್ಪಟ ನೇಕಾರ. ಅವನ ಮಗ್ಗ ಎಲ್ಲಿತ್ತೆಂದೂ ಹುಡುಕಬಹುದು. ಶೆಡ್ಡಿನ ನಕ್ಷೆ ಬರೆ. ವರದಿಯಲ್ಲಿ ಯಾರ ಯಾರ ಮಾತು ಇದೆಯೋ ಅವರ ಮಗ್ಗಕ್ಕೆ ಗುರುತು ಹಾಕು. ಅವನ ಕಡೆಗೆ ಬೆನ್ನು ಮಾಡಿ ನಿಂತವರ ಒಂದು ಮಾತೂ ಅವನಿಗೆ ಸಿಕ್ಕಿರುವುದಿಲ್ಲ. ಬಾಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡವರದೂ ಅರ್ಧಂಬರ್ಧ ಇರುತ್ತದೆ, ನೋಡು.

ಅಲ್ಲಿಯೂ ಲಾಳಿಯ ತೂತಿಗೆ ಬಾಯಿಟ್ಟು ನೂಲು ಹೀರಿ ಎಳೆಯುತ್ತಿದ್ದರೇ? ಒಬ್ಬರ ಎಂಜಲು ಇನ್ನೊಬ್ಬರಿಗೆ, ಒಬ್ಬರ ಕ್ಷಯ ಎಲ್ಲರಿಗೆ. ತಿಳಿಸು, ಕುತೂಹಲ.

ಶ್ರೀಪಾದನನ್ನು ಈ ವಿಷಯ ಕೇಳುವುದು ಬೇಡ. ಮಿಲ್ಲಿನ ಮಾತು ಎತ್ತಿದರೆ ಅವನು ಎದ್ದು ಹೋಗುತ್ತಾನೆ. ನಿನ್ನ ಅಮ್ಮ ಚಟ್ನಿಪುಡಿ ಕಳಿಸಿದ್ದಾಳೆ, ತಲುಪಿತೇ?

ಇಂತಿ ನಿನ್ನ ತಂದೆ,
ಬಸವಲಿಂಗಪ್ಪ

ರಾಟರ್‌ಡ್ಯಾಮ್
24 ನವೆಂಬರ್ 2024

ಪ್ರೀತಿಯ ಅಪ್ಪಾಜಿ,

ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ ಎಂದು ಅಮ್ಮ ನಿಮ್ಮನ್ನು ರೇಗಿಸುತ್ತಿದ್ದಳು, ನಾನೂ ರೇಗಿಸುತ್ತೇನೆ. ನೀವು ಹೇಳಿದ್ದು ಅಕ್ಷರಶಃ ನಿಜವಾಯಿತು!

ಮಗ್ಗಗಳ ಪಟ್ಟಿ ಪೆಟ್ಟಿಗೆಯಲ್ಲೇ ಇತ್ತು. ದಫ್ತರಖಾನೆಯಲ್ಲಿ ಪೆನ್ನು ಬಿಡುವುದಿಲ್ಲ, ಪೆನ್ಸಿಲಿನಲ್ಲೇ ಎರಡು ದಿನ ನಕ್ಷೆ ಬರೆದೆ. ಗುರುತು ಹಾಕುತ್ತಾ ಹೋದಂತೆ ಒಂದು ಮೂಲೆ ತಾನಾಗಿ ಎದ್ದು ಕಂಡಿತು. ಅಲ್ಲಿಗೆ ಬೆನ್ನು ಮಾಡಿದವರ ಒಂದು ಮಾತೂ ಇಲ್ಲ. ಒಂದು ಕಡೆ "ಇವನು ಹೊಗೆಸೊಪ್ಪು ಜಗಿಯುತ್ತಿದ್ದ, ಪೂರ್ತಿ ತಿಳಿಯಲಿಲ್ಲ" ಎಂದೇ ಬರೆದಿದ್ದಾನೆ. ಖುಷಿಗೆ ಜೋರಾಗಿ ನಕ್ಕು ದಫ್ತರಖಾನೆಯವರಿಂದ ಬೈಸಿಕೊಂಡೆ. ಲಾಳಿ ಹೀರುವುದು ಅಲ್ಲೂ ಇತ್ತು. ಅದಕ್ಕೆ ಅವರು "ಮುತ್ತು" ಎನ್ನುತ್ತಿದ್ದರು.

ಆ ಮೂಲೆಯಲ್ಲಿ ಅಕ್ಕಪಕ್ಕ ಇಬ್ಬರಿದ್ದರು. ಒಬ್ಬ ಥಾಮಸ್. ಇನ್ನೊಬ್ಬ ಯಾರು ಗೊತ್ತೇ? ಹೆಂಡ್ರಿಕ್! ಸಂಘದ ಕಾರ್ಯದರ್ಶಿಯೇ! ಅರವತ್ತೊಂದು ವರದಿಯಲ್ಲಿ ಥಾಮಸನ ಹೆಸರು ಮೂರು ಸಲ ಬರುತ್ತದೆ, ಕಿಟಕಿ ಮುಚ್ಚಿದ್ದಕ್ಕೆ ಬೈದ ಅಂತ. ಹೆಂಡ್ರಿಕ್‌ನ ಹೆಸರು ಒಮ್ಮೆಯೂ ಇಲ್ಲ. ಮುಷ್ಕರ ಕಟ್ಟಿದವನೇ ಅವನು, ಆದರೂ ಕೆಲಸ ಕಳೆದುಕೊಂಡ ಇಪ್ಪತ್ಮೂರು ಜನರಲ್ಲಿ ಅವನಿಲ್ಲ. ಮೇಲಾಗಿ ವರದಿಯ ಕಟ್ಟು ಇದ್ದದ್ದು ಅವನ ಮನೆಯಲ್ಲಿ. ಗುಮಾಸ್ತೆ ಕದ್ದಳೆಂಬುದು ಅವನೇ ಹೇಳಿದ ಕಥೆ. "ಗೂಢಚಾರ ತನ್ನೊಬ್ಬನ ಹೆಸರು ಮಾತ್ರ ಬಿಡುತ್ತಾನೆ, ಇನ್ನೇನು ಬೇಕು" ಎಂದು ಗೈಡ್ ಕುಣಿಯುತ್ತಿದ್ದಾರೆ.

ನನಗೆ ಒಂದೇ ಸಂಕಟ. ಪೆಟ್ಟಿಗೆ ಕೊಟ್ಟವರು ಎನ್‌ಸ್ಖೆದೆ ಎಂಬ ಊರಿನಲ್ಲಿರುವ ಹೆಂಡ್ರಿಕ್‌ನ ಮೊಮ್ಮಗಳು, ಎಂಬತ್ನಾಲ್ಕರ ವಿಲ್ಲಿ ಅಜ್ಜಿ. ಹೋದಾಗ ಕಾಫಿಗೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದರು, ಇಲ್ಲಿ ಹಾಗೇ. ಆದರೆ ಗೋಡೆಯಲ್ಲಿ ಅಜ್ಜನ ಪಟ, ಅದರ ಕೆಳಗೆ ಅವನ ಲಾಳಿ ಇಟ್ಟಿದ್ದಾರೆ. "ನಮ್ಮಜ್ಜ ಕೆಲಸಗಾರರಿಗಾಗಿ ಎಲ್ಲ ಕಳೆದುಕೊಂಡ" ಎಂದರು. ಅವರಿಗೆ ನಾನೇ ಹೋಗಿ ನಿಮ್ಮಜ್ಜ ದ್ರೋಹಿ ಅನ್ನಬೇಕು.

ಚಟ್ನಿಪುಡಿ ಬಂತು, ಅರ್ಧ ಖಾಲಿ.

ನಿಮ್ಮ,
ನಿಹಾರಿಕಾ

ದಾವಣಗೆರೆ
13 ಡಿಸೆಂಬರ್ 2024

ಚಿ. ನಿಹಾರಿಕಾಳಿಗೆ,

ಅವಸರ ಮಾಡಬೇಡ. ಆ ಅಜ್ಜಿಯ ಹತ್ತಿರ ಏನೂ ಹೇಳಬೇಡ.

ಕೆಲವು ವಿಷಯ ಹುಡುಕಿ ತಿಳಿಸು. ಆ ಥಾಮಸ್ ಆಮೇಲೆ ಏನಾದ? ಅವನಿಗೆ ಬಡ್ತಿ ಸಿಕ್ಕಿತೇ? ಮಕ್ಕಳಿದ್ದರೇ? ಹೆಂಡ್ರಿಕ್‌ಗೆ ತುಟಿಮಾತು ಕಲಿಸಿದ್ದು ಯಾರು, ಅಥವಾ ಅವನೇ ಯಾರಿಗಾದರೂ ಕಲಿಸಿದನೇ? ಮುಷ್ಕರ ಮುರಿದ ಮೇಲೆ ಹೆಂಡ್ರಿಕ್ ಜೊತೆ ಯಾರಾದರೂ ಕೂತು ಉಣ್ಣುತ್ತಿದ್ದರೇ?

ಇಲ್ಲಿ ಚಳಿ. ನಿನ್ನ ಅಮ್ಮನಿಗೆ ಮಂಡಿನೋವು, ಬೇರೆ ವಿಶೇಷವಿಲ್ಲ.

ಬಸವಲಿಂಗಪ್ಪ

ರಾಟರ್‌ಡ್ಯಾಮ್
5 ಜನವರಿ 2025

ಪ್ರೀತಿಯ ಅಪ್ಪಾಜಿ,

ಹೊಸ ವರ್ಷದ ಶುಭಾಶಯ. ಪಟಾಕಿಯ ಸದ್ದಿಗೆ ಇಲ್ಲಿ ನನಗೂ ನಿಮ್ಮ ಕಿವಿಯ ಗತಿ ಬರುತ್ತಿತ್ತು.

ಇಷ್ಟು ಚಿಕ್ಕ ಕಾಗದ ನೀವು ಈವರೆಗೆ ಬರೆದಿಲ್ಲ. ಆದರೂ ಕೇಳಿದ್ದಕ್ಕೆ ಉತ್ತರ ಹುಡುಕಿದ್ದೇನೆ. ಥಾಮಸ್ ಎರಡು ವರ್ಷದಲ್ಲಿ ಮೇಲ್ವಿಚಾರಕನಾದ. ನಾಲ್ಕು ಮಕ್ಕಳು. ಹೆಂಡ್ರಿಕ್ ತಂಗಿಗೆ ಬರೆದ ಪತ್ರವೊಂದರಲ್ಲಿ ಇದೆ: "ಪಕ್ಕದ ಮಗ್ಗಕ್ಕೆ ಥಾಮಸ್ ಎಂಬ ಹೊಸ ಹುಡುಗ ಬಂದಿದ್ದಾನೆ, ತುಟಿಮಾತು ಕಲಿಸುತ್ತಿದ್ದೇನೆ, ಬಲು ಚುರುಕು." ಕೊನೆಯ ಪತ್ರದಲ್ಲಿ: "ಮಧ್ಯಾಹ್ನ ನಾನು ಬುತ್ತಿ ಬಿಚ್ಚಿದರೆ ಬೆಂಚಿನಿಂದ ಎಲ್ಲರೂ ಎದ್ದು ಹೋಗುತ್ತಾರೆ." ಅವನು ಹಡಗು ಹತ್ತುವಾಗ ಕಳಿಸಲು ಯಾರೂ ಬಂದಿರಲಿಲ್ಲ.

ಇವೆಲ್ಲ ಕೇಳಬೇಕೆಂದು ನಿಮಗೆ ಹೊಳೆದದ್ದು ಹೇಗೆ? ಅದೇ ಈಗ ನನ್ನ ದೊಡ್ಡ ಕುತೂಹಲ.

ಒಂದು ಮಾತು ಕೇಳಲೇ? ಚಿಕ್ಕವಳಿದ್ದಾಗ ಶ್ರೀಪಾದ ಕಾಕಾನ ಸೈಕಲ್ ಶಾಪಿನ ಮುಂದೆ ಹುಡುಗರು "ಸಾಹೇಬ್ರ ಕಿವಿ, ಸಾಹೇಬ್ರ ಕಿವಿ" ಎಂದು ಕೂಗಿ ಓಡುತ್ತಿದ್ದರು. ಕಾಕಾನೂ ನಿಮ್ಮಂತೆ ಕಿವುಡರಲ್ಲವೇ, ಅದಕ್ಕೇ ಅಣಕಿಸುತ್ತಾರೆ ಎಂದುಕೊಂಡಿದ್ದೆ. ನಿಮ್ಮ ಮಿಲ್ಲಿನಲ್ಲೂ ಒಂದು ಮುಷ್ಕರ ಮುರಿದಿತ್ತಲ್ಲವೇ? ಸುದ್ದಿ ಮುಟ್ಟಿಸಿದ್ದು ಕಾಕಾನೇ? ಹಾಗಿದ್ದರೆ ನನಗೆ ಅವರ ಮೇಲೆ ಸಿಟ್ಟಿಲ್ಲ. ಬದುಕಿರುವ ಒಬ್ಬ ಏಳನೇ ನಂಬರನ್ನು ಮಾತಾಡಿಸುವ ಭಾಗ್ಯ ಯಾವ ಸಂಶೋಧಕನಿಗೂ ಸಿಗುವುದಿಲ್ಲ. ನೀವು ಒಪ್ಪಿದರೆ ಅವರಿಗೆ ನಾನೇ ಬರೆಯುತ್ತೇನೆ.

ನಿಮ್ಮ,
ನಿಹಾರಿಕಾ

ದಾವಣಗೆರೆ
9 ಫೆಬ್ರವರಿ 2025

ನಿಹಾರಿಕಾ,

ಅವನಿಗೆ ಬರೆಯಬೇಡ. ನಿನಗೆ ಬೇಕಾದವನಿಗೆ ನೀನು ನಾಲ್ಕು ತಿಂಗಳಿಂದ ಬರೆಯುತ್ತಲೇ ಇದ್ದೀಯ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಪ್ರತಿ ಕಾಗದದಲ್ಲೂ ಹೆಗಲು ಮುಟ್ಟಿಕೊಂಡೆ, ನೀನು ನೋಡಲಿಲ್ಲ. ಮಗಳಲ್ಲವೇ, ಹೇಗೆ ನೋಡುತ್ತೀಯ?

1987. ಎರಡು ಮಗ್ಗ ನೋಡುವವನು ಇನ್ನು ನಾಲ್ಕು ನೋಡಬೇಕು ಎಂದು ಹುಕುಂ ಬಂತು. ಅರ್ಧ ಜನ ಮನೆಗೆ, ಉಳಿದರ್ಧ ಜನ ಆಸ್ಪತ್ರೆಗೆ ಎಂದು ಶ್ರೀಪಾದ ಹೇಳುತ್ತಿದ್ದ. ಮುಷ್ಕರದ ಮಾತೆಲ್ಲ ಶೆಡ್ಡಿನಲ್ಲೇ, ತುಟಿಯಲ್ಲೇ ನಡೆಯಿತು. ಕಟ್ಟಿದವನು ಅವನು. ನನಗೆ ತುಟಿಮಾತು ಕಲಿಸಿದವನೂ ಅವನೇ.

ಒಂದು ದಿನ ಮಾಸ್ತರು ಗಾಜಿನ ಕ್ಯಾಬಿನ್ನಿಗೆ ಕರೆದರು. "ನೀನು ದೂರದಿಂದ್ಲೇ ಮಾತು ಹಿಡೀತೀಯಂತಲ್ಲೋ? ಎಲ್ಲಿ, ಆ ಮೂಲೆಯೋನು ಏನಂತಿದಾನೆ ಹೇಳು ನೋಡಾಣ" ಎಂದರು. ಅವನು ಮಗಳ ಮದುವೆ ಮಾತಾಡುತ್ತಿದ್ದ, ಹೇಳಿದೆ. ಮಾಸ್ತರು ಚಪ್ಪಾಳೆ ತಟ್ಟಿದರು. ಮಾರನೆಯ ದಿನ ಮತ್ತೆ ಕರೆದರು, ಪಿಂಗಾಣಿ ಕಪ್ಪಿನಲ್ಲಿ ಚಾ ಕೊಟ್ಟರು. ನನಗೆ ಯಾವ ಕಷ್ಟವೂ ಇರಲಿಲ್ಲ, ಯಾರೂ ಹೆದರಿಸಲಿಲ್ಲ. ನನ್ನ ವಿದ್ಯೆಗೆ ಒಬ್ಬರು ತಲೆದೂಗಿದರು, ಅಷ್ಟಕ್ಕೇ ನಾನು ಕುಣಿದೆ. ನೆಪ ಹೇಳಬೇಕೆಂದು ಮೂವತ್ತೆಂಟು ವರ್ಷ ಹುಡುಕಿದ್ದೇನೆ, ಇದಕ್ಕಿಂತ ದೊಡ್ಡದು ಸಿಕ್ಕಿಲ್ಲ.

ಮುಷ್ಕರಕ್ಕೆ ಎರಡು ದಿನ ಮೊದಲು ಅದೇ ಕ್ಯಾಬಿನ್ನಿನಲ್ಲಿ ನಿಂತು ಹನ್ನೊಂದು ಹೆಸರು ಹೇಳಿದೆ. ಹನ್ನೆರಡನೆಯದು ಶ್ರೀಪಾದನದು, ಅದನ್ನು ನುಂಗಿಕೊಂಡೆ. ಗೆಳೆಯನಿಗೆ ಉಪಕಾರ ಮಾಡಿದೆ ಎಂದು ಒಳಗೊಳಗೇ ಹಿಗ್ಗಿದೆ. ಮರುದಿನ ಗೇಟಿನಲ್ಲಿ ಹನ್ನೊಂದು ಜನರನ್ನು ನಿಲ್ಲಿಸಿದರು. ಮುಷ್ಕರ ಕಟ್ಟಿದವನು ಮಾತ್ರ ಒಳಗೆ ನಡೆದು ಬಂದ. ಎಲ್ಲರೂ ಅವನನ್ನೇ ನೋಡಿದರು. ನಿನ್ನ ಗೈಡು ಹಾಕಿದ ಲೆಕ್ಕವನ್ನೇ ಅವರೂ ಹಾಕಿದರು.

ಅವನ ಜೊತೆ ಯಾರೂ ಚಾ ಕುಡಿಯಲಿಲ್ಲ. ಅವನ ಹಾಸುನೂಲು ಯಾರೋ ಕುಯ್ದರು. ಐದು ತಿಂಗಳಿಗೆ ಕೆಲಸ ಬಿಟ್ಟು ಸೈಕಲ್ ಶಾಪ್ ಹಾಕಿದ. ಎರಡು ವರ್ಷಕ್ಕೆ ನಾನು ಜಾಬರ್ ಆದೆ, ಒಂದು ಸಾಲಿನ ಮಗ್ಗಕ್ಕೆಲ್ಲ ನಾನೇ ಯಜಮಾನ. ಅವನ ಹೆಂಡತಿ ಭಾನುಮತಿಯ ಕೈಯಿಂದ ಬೀದಿಯ ಹೆಂಗಸರು ಅರಿಸಿನ ಕುಂಕುಮ ತೆಗೆದುಕೊಳ್ಳುವುದು ಬಿಟ್ಟರು. ನಿನ್ನ ಅಮ್ಮ ಮಾತ್ರ ಬಿಡಲಿಲ್ಲ, ಅವಳಿಗೂ ಏನೂ ಗೊತ್ತಿಲ್ಲ. ಆ ಮನೆಗೆ ಹೋಗಿಬರುವ ಒಬ್ಬನೇ ನಾನು ಎಂದು ಊರು ನನ್ನನ್ನು ದೊಡ್ಡಮನಸ್ಸಿನವನು ಎಂದಿತು. ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ.

ಗೂಢಚಾರ ತನ್ನೊಬ್ಬನ ಹೆಸರು ಮಾತ್ರ ಬಿಡುವುದಿಲ್ಲ ಮಗಳೇ, ಗೆಳೆಯನದನ್ನೂ ಬಿಡುತ್ತಾನೆ. ತನ್ನ ಹೆಸರನ್ನು ಬೇಕೆಂದೇ ಮೂರು ಸಲ ಬರೆದುಕೊಂಡಿರುತ್ತಾನೆ. ನಿನ್ನ ಏಳನೇ ನಂಬರ್ ಥಾಮಸ್. ಹೆಂಡ್ರಿಕ್ ಅಲ್ಲ.

ಬಸವಲಿಂಗಪ್ಪ

ರಾಟರ್‌ಡ್ಯಾಮ್
2 ಮಾರ್ಚ್ 2025

ಅಪ್ಪಾಜಿ,

ನಿಮ್ಮ ಕಾಗದ ಬಂದು ಹತ್ತು ದಿನ ಆಯಿತು. ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ನನಗೆ ಸೈಕಲ್ ಕಲಿಸಿದ್ದು ಕಾಕಾ. ಈಗಲೂ ಈ ಊರಿನ ಗಾಳಿಯಲ್ಲಿ ಪೆಡಲ್ ತುಳಿಯುವಾಗ ಹಿಂದೆ ಅವರ ಕೈ ಇದೆ ಅನ್ನಿಸುತ್ತದೆ. ನಾನು ಇಲ್ಲಿಗೆ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಮಿಲ್ಲಿನವರು ನಾಲ್ಕು ಜನ ಇದ್ದರೆಂದು ಕಾಕಾ ರಸ್ತೆಯ ಆಚೆ ಬದಿಯಲ್ಲೇ ನಿಂತು ಕೈ ಬೀಸಿದರು. ನಾನು ಯಾಕೆಂದು ಕೇಳಿದ್ದಕ್ಕೆ ನೀವು "ಬಿಸಿಲಿಗೆ" ಎಂದಿರಿ.

ಅಧ್ಯಾಯವನ್ನು ತಿರುಗಿಸಿ ಬರೆದೆ. ಖಚಿತವಾಗಿ ಹೇಳಲು ಪುರಾವೆ ಸಾಲದು, ಆದರೆ ಹೆಂಡ್ರಿಕ್ ದ್ರೋಹಿ ಎನ್ನಲೂ ಆಗದು ಎಂದು ಗೈಡ್ ಒಪ್ಪಿದ್ದಾರೆ. ವಿಲ್ಲಿ ಅಜ್ಜಿಗೆ ಹೋಗಿ ಎಲ್ಲ ಹೇಳಿದೆ. ಈ ಸಲ ಡಬ್ಬಿ ಮುಚ್ಚಲಿಲ್ಲ. ಒಂದು ಮಾತು ಕೇಳಿದರು: "ಕಟ್ಟು ಕೈಗೆ ಬಂದಾಗಲೇ ಅಜ್ಜನಿಗೆ ಥಾಮಸ್ ಎಂದು ಗೊತ್ತಾಗಿರಬೇಕು. ಸಾಯುವವರೆಗೆ ಮೂವತ್ತು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

ಅಡಿಟಿಪ್ಪಣಿಯಲ್ಲಿ "ದಾವಣಗೆರೆಯ ಒಬ್ಬ ನೇಕಾರನ ಅನುಭವ" ಎಂದು ಹಾಕಿದ್ದೇನೆ. ಹೆಸರು ಖಾಲಿ ಬಿಟ್ಟಿದ್ದೇನೆ. ಅದು ನಿಮಗೆ ಬಿಟ್ಟದ್ದು. ಆದರೆ ನನಗೆ ಹೇಳಿದ್ದು ಸಾಲದು ಅಪ್ಪಾಜಿ. ನೀವು ಹೇಳಬೇಕಾದವರು ಎರಡು ಬೀದಿಯ ಆಚೆ ಇದ್ದಾರೆ, ಅಂಚೆಚೀಟಿಯೂ ಬೇಡ.

ನಿಹಾರಿಕಾ

ದಾವಣಗೆರೆ
24 ಮಾರ್ಚ್ 2025

ಚಿ. ನಿಹಾರಿಕಾಳಿಗೆ,

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ನಿನ್ನೆ ಬೆಳಗ್ಗೆ ಹೋದೆ. ಶ್ರೀಪಾದ ಪಡಸಾಲೆಯಲ್ಲಿ ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದ. ಶಾಪ್ ಮಗನಿಗೆ ಬಿಟ್ಟರೂ ಕೈ ಸುಮ್ಮನಿರುವುದಿಲ್ಲ. ಭಾನುಮತಿ ಅಲ್ಲೇ ಕೂತು ಅವರೆಕಾಳು ಬಿಡಿಸುತ್ತಿದ್ದಳು. ಅವಳ ಮುಂದೆ ಹೇಳಲು ಧೈರ್ಯ ಬರಲಿಲ್ಲ. ಎದುರಿಗೆ ಕೂತು, ದನಿ ತೆಗೆಯದೆ, ಶೆಡ್ಡಿನಲ್ಲಿ ಮಾತಾಡಿದ ಹಾಗೆ ತುಟಿಯಲ್ಲೇ ಎಲ್ಲ ಹೇಳಿದೆ. ಕಪ್ಪಿನ ಚಾ, ಹನ್ನೊಂದು ಹೆಸರು, ನುಂಗಿಕೊಂಡ ಒಂದು ಹೆಸರು.

ಅವನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡಿದ. ಆಮೇಲೆ ಅವನೂ ತುಟಿಯಲ್ಲೇ ಅಂದ: "ಗೊತ್ತು ಬಿಡಲೇ ಬಸ್ಯಾ. ಕ್ಯಾಬಿನ್ನು ಗಾಜಿಂದಲ್ಲೇನು? ನಿನಗೆ ಓದಕ್ಕೆ ಕಲಿಸ್ದೋನಿಗೆ ನಿನ್ನ ತುಟಿ ಓದಕ್ಕೆ ಬರಲ್ಲ ಅನ್ಕಂಡಿದ್ದಾ?"

ಎಲ್ಲರ ತುಟಿ ಓದುತ್ತಿದ್ದ ನನಗೆ, ನನಗೂ ಒಂದು ಬಾಯಿ ಇದೆ ಎಂಬುದು ಆ ದಿನ ನೆನಪಿಗೇ ಬಂದಿರಲಿಲ್ಲ. ಹನ್ನೊಂದನೆಯ ಹೆಸರಿನ ಮೇಲೆ ತನ್ನದು ಬರುತ್ತದೆಂದು ಕಾಯುತ್ತಾ ನಿಂತಿದ್ದನಂತೆ. ನನ್ನ ಬಾಯಿ ಮುಚ್ಚಿತಂತೆ.

ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ. "ಅವತ್ತು ಹೇಳಿದ್ರೆ ಗೇಟ್ನಾಗೇ ನಿನ್ನ ಕಾಲು ಮುರೀತಿದ್ರು. ಆಮೇಲೆ, ನೀನೇ ಹೇಳ್ತೀಯ ಅಂತ ಕಾದೆ. ವಾರಕ್ಕೊಂದ್ಸಲ ನೀನು ಬರ್ತಿದ್ದೆ. ಇವತ್ತು ಹೇಳ್ತಾನೆ, ಇವತ್ತು ಹೇಳ್ತಾನೆ ಅಂತ." ನಿನ್ನ ವಿಲ್ಲಿ ಅಜ್ಜಿಗೆ ಇದು ಉತ್ತರವಾಗುತ್ತದೋ ಇಲ್ಲವೋ, ನಾನು ಕೇಳಿದ್ದನ್ನು ಬರೆದಿದ್ದೇನೆ.

ನಾನು ಅತ್ತೆ. ಭಾನುಮತಿ ತಲೆ ಎತ್ತಿ ಇಬ್ಬರ ಮುಖ ನೋಡಿದಳು. ಮೂಕರ ಹಾಗೆ ಬಾಯಾಡಿಸುತ್ತಾ ಕೂತ ನಮ್ಮನ್ನು ಅವಳು ಬೇಕಾದಷ್ಟು ಸಲ ನೋಡಿದ್ದಾಳೆ, ಒಂದಕ್ಷರವೂ ಅವಳಿಗೆ ತಿಳಿಯುವುದಿಲ್ಲ. ಶ್ರೀಪಾದ ಟ್ಯೂಬನ್ನು ಕೆಳಗಿಟ್ಟು ನನ್ನ ಮೊಣಕಾಲು ಹಿಡಿದುಕೊಂಡ.

"ನನಗೆ ಹೇಳಿದ್ದು ಆಯ್ತು. ಈಗ ಗಟ್ಟಿಯಾಗಿ ಹೇಳು. ಇವಳಿಗೆ ಕೇಳ್ಬೇಕು."

ಹೇಳಿದೆ. ನನ್ನ ದನಿ ನನಗೇ ಕೇಳದು, ಎಷ್ಟು ಗಟ್ಟಿಯಾಗಿ ಹೇಳಿದೆನೋ ಗೊತ್ತಿಲ್ಲ. ಮುಗಿಸಿ ನೋಡಿದರೆ ಪಕ್ಕದ ಮನೆಯವರು, ಎದುರು ಮನೆಯವರು ಎಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ನಿನ್ನ ಅಮ್ಮನಿಗೆ ನಾನೇ ಹೇಳಿದೆ. ಅಡಿಟಿಪ್ಪಣಿಯಲ್ಲಿ ನನ್ನ ಪೂರ್ತಿ ಹೆಸರು ಹಾಕು. ಪಕ್ಕದಲ್ಲಿ ಶ್ರೀಪಾದನದೂ ಹಾಕು, ಅವನನ್ನು ಕೇಳಿದ್ದೇನೆ, ಒಪ್ಪಿದ್ದಾನೆ.

ಭಾನುಮತಿ ಏನಂದಳು ಎಂದು ಕೇಳುತ್ತೀಯ, ನನಗೆ ಗೊತ್ತು. ಅವಳು ಅವರೆಕಾಳಿನ ಮೊರವನ್ನು ಕೆಳಗಿಟ್ಟು ಎದ್ದು, ಗೋಡೆಯ ಕಡೆ ತಿರುಗಿ ನಿಂತಳು. ತುಂಬ ಹೊತ್ತು ಏನೋ ಹೇಳುತ್ತಿದ್ದಳು, ಭುಜ ಅಲುಗುವುದು ಕಾಣುತ್ತಿತ್ತು. ಏನಂದಳೆಂದು ಶ್ರೀಪಾದನನ್ನು ಕೇಳಿದೆ. ಅವನಿಗೂ ಕಂಡದ್ದು ಬೆನ್ನು ಮಾತ್ರ.

ಇಂತಿ,
ನಿನ್ನ ಅಪ್ಪ ಬಸವಲಿಂಗಪ್ಪ